ಹತ್ತು ಸುತ್ತಿನ ಕೆಲಸ

ಈ ಫೋಟೋದಲ್ಲಿ ಸುಳ್ಳು ಎಲ್ಲಿದೆ ಎಂದು ನನಗೆ ಗೊತ್ತು. ನನ್ನ ನೆನಪಿನಲ್ಲಿ ಎಲ್ಲೆಲ್ಲಿದೆ ಎಂದು ಪೂರ್ತಿ ಗೊತ್ತಿಲ್ಲ. ಹಾಗಾಗಿ ಫೋಟೋದಿಂದ ಶುರು ಮಾಡುತ್ತೇನೆ.

ಪೋಸ್ಟ್‌ಕಾರ್ಡಿನಷ್ಟು ದೊಡ್ಡದು. ಮರದ ಸ್ಟೂಲಿನ ಮೇಲೆ ಇಪ್ಪತ್ತನಾಲ್ಕು ವರ್ಷದ ಒಬ್ಬ ಯುವಕ ಕೂತಿದ್ದಾನೆ. ತೊಡೆಯ ಮೇಲೆ ಬಿಚ್ಚಿದ ಪಂಪ್ ಮೋಟಾರಿನ ಹೊರಗೂಡು, ಬಲಗೈಯಲ್ಲಿ ತಾಮ್ರದ ತಂತಿ. ಮೈಮೇಲೆ ನೀಲಿ ಏಪ್ರನ್, ಎದೆಯ ಹತ್ತಿರ ವಾರ್ನಿಷಿನ ಕಲೆ. ಹಿಂದಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್. ಫ್ಲಾಶಿನ ಬೆಳಕು ಬಿದ್ದು ದೇವರ ಮುಖ ಬರೀ ಬಿಳಿಯಾಗಿದೆ. ಫೋಟೋದ ಹಿಂಬದಿಯಲ್ಲಿ ನನ್ನ ಅಕ್ಷರ: ಕ್ರಮಸಂಖ್ಯೆ, ಅದರ ಕೆಳಗೆ 'ಮೋಟಾರ್ ವೈಂಡಿಂಗ್', ಅದರ ಕೆಳಗೆ 'ಉದ್ಯೋಗದಲ್ಲಿದ್ದಾರೆ'.

ಅವನು ಉದ್ಯೋಗದಲ್ಲಿರಲಿಲ್ಲ. ಆ ಏಪ್ರನ್ನನ್ನು ಅವತ್ತು ಅವನಿಗಿಂತ ಮೊದಲು ಏಳು ಜನ ಹಾಕಿಕೊಂಡು ಬಿಚ್ಚಿದ್ದರು. ಅವನ ಹಿಂದೆ ಇನ್ನೂ ಮೂವರು ಹೊರಗೆ ಜಗಲಿಯ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದರು.

ಎರಡು ಸಾವಿರದ ಆಸುಪಾಸಿನ ವರ್ಷಗಳು. ಹಲಸೂರಿನ ಬಜಾರಿನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ತರಬೇತಿ ಕೇಂದ್ರವಿತ್ತು. 'ನಮ್ಮ' ಎನ್ನುವುದು ಅಭ್ಯಾಸ. ನಾನು ಅಲ್ಲಿ ಸಂಬಳಕ್ಕಿದ್ದವಳು. ಓದಿ ಕೆಲಸವಿಲ್ಲದೆ ಕೂತ ಯುವಜನರಿಗೆ ಸರ್ಕಾರ ಮೂರು ತಿಂಗಳ ಉಚಿತ ತರಬೇತಿ ಕೊಡಿಸುತ್ತಿತ್ತು: ಹೊಲಿಗೆ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಮೋಟಾರ್ ವೈಂಡಿಂಗ್. ಕಲಿಸುವ ಹೊಣೆಯನ್ನು ನಮ್ಮಂಥ ಸಣ್ಣ ಕೇಂದ್ರಗಳಿಗೆ ವಹಿಸುತ್ತಿತ್ತು. ತರಬೇತಿ ಮುಗಿದ ತಿಂಗಳೊಳಗೆ ಇಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ನಾವು ಪಟ್ಟಿ ಕಳಿಸಬೇಕು. ಪಟ್ಟಿಯ ಪ್ರತಿ ಸಾಲಿನ ಜೊತೆ ಎರಡು ಪುರಾವೆ: ಕೆಲಸ ಕೊಟ್ಟವರ ಪತ್ರ, ಕೆಲಸದ ಜಾಗದಲ್ಲಿ ತೆಗೆದ ಫೋಟೋ. ಪಟ್ಟಿ ಚೆನ್ನಾಗಿದ್ದರೆ ಮುಂದಿನ ತಂಡ ನಮಗೆ ಸಿಗುತ್ತದೆ. ಇಲ್ಲದಿದ್ದರೆ ಕೇಂದ್ರಕ್ಕೆ ಬೀಗ.

ಆ ಪಟ್ಟಿಯ ಹಳೆಯದೊಂದು ಪುಟದಲ್ಲಿ ನಾನೂ ಒಂದು ಸಾಲು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು, ಅಲ್ಲಿಯೇ ಡಿಟಿಪಿ ಕಲಿತೆ. ಕಲಿತ ಮೇಲೆ ನಿರ್ದೇಶಕರು, ನಮ್ಮ ಪಟ್ಟಿಗಳನ್ನೇ ಟೈಪ್ ಮಾಡಿಕೊಂಡು ಇರಮ್ಮ ಎಂದರು. ನನ್ನ ಫೋಟೋಗೆ ಯಾರೂ ಎಲ್ಲಿಗೂ ಹೋಗಬೇಕಾಗಲಿಲ್ಲ. ಕೂತ ಕುರ್ಚಿಯಲ್ಲೇ ತೆಗೆದರು.

ನಿರ್ದೇಶಕರು ಐಟಿಐ ಒಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಸಫಾರಿ ಸೂಟು, ಜೇಬಿನಲ್ಲಿ ಮೂರು ಪೆನ್ನು. ಅವರನ್ನು ಮೋಸಗಾರ ಎಂದು ಬರೆದರೆ ಈ ಬರಹ ಸಲೀಸಾಗಿ ಮುಂದೆ ಹೋಗುತ್ತದೆ, ಆದರೆ ಅವರು ಹಾಗಿರಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಯಾವುದೋ ವರ್ಕ್‌ಶಾಪಿಗೆ ಫೋನ್ ಹಚ್ಚಿ, ನಮ್ಮ ಹುಡುಗ ಒಬ್ಬ ಇದ್ದಾನೆ, ನೋಡಿ ಎಂದು ಗೋಗರೆಯುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಂದು ತಿಂಗಳಲ್ಲಿ ಯಾರಿಗೂ ಕೆಲಸ ಸಿಗುತ್ತಿರಲಿಲ್ಲ, ಅಷ್ಟೇ. ಮೊದಲ ಸಲ ನನ್ನ ಕೈಗೆ ಕ್ಯಾಮರಾ ಕೊಟ್ಟಾಗ ನಾನು ಏನೋ ಕೇಳಿರಬೇಕು. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು:

"ಕೆಲ್ಸ ಹೆಂಗಿದ್ರೂ ಸಿಗುತ್ತಮ್ಮ ಇವ್ರಿಗೆ. ನಾವು ಸ್ವಲ್ಪ ಮುಂಚೆ ಬರ್ಕೊಳ್ತೀವಿ."

ವೈಂಡಿಂಗ್ ಕಲಿತವರ ಫೋಟೋ ತೆಗೆಯುತ್ತಿದ್ದದ್ದು ಕಗ್ಗದಾಸಪುರದಲ್ಲಿ, ರೈಲ್ವೆ ಗೇಟು ದಾಟಿದ ಮೇಲೆ ಸಿಗುವ ಒಂದು ಅಂಗಡಿಯಲ್ಲಿ. ಅದರ ಯಜಮಾನರು ಆ ಊರಿನ ಹಳಬರು. ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ ಹೋದ ಮೇಲೆ ಉಳಿದ ತುಂಡಿನಲ್ಲಿ ಕಟ್ಟಡ ಕಟ್ಟಿಸಿದ್ದರು. ಹಿಂದೆ ಸಾಲಾಗಿ ಹತ್ತು ಬಾಡಿಗೆ ರೂಮು, ಮುಂದೆ ಅಂಗಡಿ. ಅಂಗಡಿ ಇಲ್ಲದೆಯೂ ಅವರ ಬದುಕು ನಡೆಯುತ್ತಿತ್ತು. ಹೊಲವಿದ್ದ ಕಾಲದಲ್ಲಿ ಬಾವಿಯ ಪಂಪು ಪದೇ ಪದೇ ಸುಟ್ಟು, ತಾವೇ ಬಿಚ್ಚಿ ಸುತ್ತಿ ಕಲಿತ ವಿದ್ಯೆ. ಹೊಲ ಹೋದರೂ ಕೈ ಸುಮ್ಮನಿರಲಿಲ್ಲ. ಸುತ್ತಲೂ ಎದ್ದ ಮನೆಗಳ ಬೋರ್‌ವೆಲ್ ಮೋಟಾರುಗಳು ಅವರ ಬಾಗಿಲಿಗೆ ಬರುತ್ತಿದ್ದವು.

ನಿರ್ದೇಶಕರ ಹಳೆಯ ಪರಿಚಯಕ್ಕೆ ಅವರು ಒಪ್ಪಿಕೊಂಡಿದ್ದರು. ಆದರೆ ಒಂದು ಷರತ್ತು. ಸುಮ್ಮನೆ ಕೂರಿಸಿ ಫೋಟೋ ಹೊಡೆಯಲು ಬಿಡುತ್ತಿರಲಿಲ್ಲ. ಏಪ್ರನ್ ಹಾಕಿಕೊಂಡ ಪ್ರತಿಯೊಬ್ಬರೂ ಮೊದಲು ಹತ್ತು ಸುತ್ತು ತಂತಿ ಸುತ್ತಬೇಕು.

"ನನ್ ಅಂಗಡೀಲಿ ಸುಳ್ ಆಗ್ಬಾರ್ದು ಕಣಮ್ಮ. ಹತ್ತು ಸುತ್ತಿದ್ರೆ ಕೆಲ್ಸ ಮಾಡ್ದಂಗೆ. ಆಮೇಲೆ ನೀನು ಏನಾದ್ರೂ ಹೊಡ್ಕೊ."

ಎಣಿಸುವವರು ಅವರೇ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುವ ಹಾಗೆ, ತಂತಿಯ ಮೊದಲ ಸುತ್ತಿಗೂ ಲಾಭ ಎನ್ನುತ್ತಿದ್ದರು. ಲಾಭ, ಎರಡು, ಮೂರು. ಹತ್ತಾದ ಮೇಲೆ ನನ್ನ ಕಡೆ ತಲೆ ಆಡಿಸುತ್ತಿದ್ದರು. ನಾನು ಫ್ಲಾಶ್ ಹೊಡೆಯುತ್ತಿದ್ದೆ. ಅವರು ಹತ್ತು ಸುತ್ತನ್ನೂ ಬಿಚ್ಚಿ, ತಂತಿ ನೆಟ್ಟಗೆ ಮಾಡಿ ಮುಂದಿನವನ ಕೈಗೆ ಕೊಡುತ್ತಿದ್ದರು.

ಪತ್ರದ ವಿಷಯದಲ್ಲೂ ಹಾಗೆಯೇ. ನಾವು ಟೈಪ್ ಮಾಡಿ ಒಯ್ದಿದ್ದ ಪತ್ರದಲ್ಲಿ 'ಕೆಲಸ ಮಾಡುತ್ತಿದ್ದಾರೆ' ಎಂದಿತ್ತು. ಅದಕ್ಕೆ ಸಹಿ ಹಾಕಲಿಲ್ಲ. 'ಈ ದಿನ ನನ್ನ ಅಂಗಡಿಯಲ್ಲಿ ಕೆಲಸ ಮಾಡಿರುತ್ತಾರೆ' ಎಂದು ಬದಲಿಸಿ ಒಯ್ದ ಮೇಲೆ ಹಾಕಿದರು. ಹನ್ನೊಂದು ಪತ್ರ, ಹನ್ನೊಂದು ಸಹಿ. ಎಲ್ಲವೂ ನಿಜ. ಪಟ್ಟಿಯಲ್ಲಿ ಮಾತ್ರ ಆ ಹನ್ನೊಂದು ಹೆಸರಿನ ಮುಂದೆ ನಾನು 'ಜೂನ್‌ನಿಂದ ಉದ್ಯೋಗದಲ್ಲಿದ್ದಾರೆ' ಎಂದು ಟೈಪ್ ಮಾಡಿದೆ. ಪಟ್ಟಿಯಲ್ಲಿ ಬೇರೆ ಏನು ಬರೆಯಲೂ ಜಾಗವಿರಲಿಲ್ಲ.

ರೋಲನ್ನು ಶಿವಾಜಿನಗರದ ಒಂದು ಸ್ಟುಡಿಯೋಗೆ ಕೊಡುತ್ತಿದ್ದೆ. ಪ್ರಿಂಟುಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿ ಸ್ಟುಡಿಯೋದವರು ಒಂದೊಂದನ್ನೇ ನೋಡಿದರು.

"ಮೇಡಂ, ಯೇ ದುಕಾನ್ ಕಿತ್ನಾ ಬಡಾ ಹೈ? ಹನ್ನೊಂದು ಜನ, ಒಂದೇ ಸ್ಟೂಲು."

ಅಂಗಡಿ ಎಷ್ಟು ದೊಡ್ಡದು ಎಂದು ಕೇಳಿದ್ದಕ್ಕೆ ನಾನು ನಕ್ಕೆನೆಂದು ಕಾಣುತ್ತದೆ. ಆ ವರ್ಷಗಳಲ್ಲಿ ನಾನು ಯಾವುದಕ್ಕೆ ನಕ್ಕೆ, ಯಾವುದಕ್ಕೆ ಇಲ್ಲ ಎಂದು ಹೇಳುವುದು ಕಷ್ಟ. ಬೆಳಿಗ್ಗೆ ಬರುತ್ತಿದ್ದೆ, ಟೈಪ್ ಮಾಡುತ್ತಿದ್ದೆ, ಸಂಜೆ ಮನೆಗೆ ಹೋಗುತ್ತಿದ್ದೆ. ಕೆಳಗಿನ ಅಂಗಡಿಯಲ್ಲಿ ಪಾತ್ರೆ ಬಡಿಯುವ ಸದ್ದು ಇಡೀ ದಿನ ಇರುತ್ತಿತ್ತು. ಸ್ವಲ್ಪ ದಿನಕ್ಕೆ ಅದು ಕೇಳಿಸುವುದು ನಿಂತಿತು.

ಈಗ ಫೋಟೋದ ಯುವಕ. ಗುಲ್ಬರ್ಗ ಕಡೆಯವನು. ಅಕ್ಕ ಭಾವನ ಜೊತೆ ಕಗ್ಗದಾಸಪುರದ ಅದೇ ಬಾಡಿಗೆ ರೂಮುಗಳಲ್ಲೊಂದರಲ್ಲಿ ಇದ್ದ. ಯಜಮಾನರು ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. 'ಏನೋ ಗುಲ್ಬರ್ಗ' ಎನ್ನುತ್ತಿದ್ದರು, ಊರಿಗೆ ಊರೇ ಬಂದು ಅವರ ರೂಮಿನಲ್ಲಿ ಕೂತ ಹಾಗೆ. ತಂಡದಲ್ಲಿ ಕೈ ಚೆನ್ನಾಗಿದ್ದವನು ಅವನೇ. ಬಿದಿರಿನ ಸೀಳಿನಿಂದ ತಂತಿಯನ್ನು ಮೋಟಾರಿನ ಸಂದಿಗೆ ಒತ್ತುವಾಗ ಉಳಿದವರು ನಾಲಿಗೆ ಕಚ್ಚಿಕೊಂಡು ಒದ್ದಾಡುತ್ತಿದ್ದರು. ಅವನು ಬೇರೆಲ್ಲೋ ನೋಡುತ್ತಾ ಒತ್ತುತ್ತಿದ್ದ. ಫೋಟೋದ ದಿನ ಹತ್ತು ಸುತ್ತು ಮುಗಿದರೂ ನಿಲ್ಲಿಸಲಿಲ್ಲ, ಹದಿನಾಲ್ಕೋ ಹದಿನೈದೋ ಸುತ್ತಿದ. ಸಾಕು ಬಿಡೋ, ಓವರ್‌ಟೈಮ್ ಇಲ್ಲ ಇಲ್ಲಿ ಎಂದು ಯಜಮಾನರು ನಕ್ಕರು.

ಅಲ್ಲಿಂದ ಆಚೆ ಅವನು ಭಾವನ ಜೊತೆ ಕಲ್ಯಾಣ ನಗರದ ಕಡೆ ಕಟ್ಟಡದ ಕೆಲಸಕ್ಕೆ ಹೋದ. ಜಲ್ಲಿ, ಮರಳು ಹೊರುವುದು. ನಡುವೆ ಒಮ್ಮೆ ಸರ್ಟಿಫಿಕೇಟು ತೆಗೆದುಕೊಳ್ಳಲು ಬಂದಾಗ ಬೆರಳುಗಳನ್ನು ನೋಡಿದೆ. ಸಿಮೆಂಟಿಗೆ ಬಿರಿದಿದ್ದವು.

ಅಕ್ಟೋಬರಿನಲ್ಲಿ ಹೊಸ ಯೋಜನೆಯೊಂದು ಬಂತು. ವಿಮಾನಪುರದ ಆಚೆ ಇದ್ದ ದೊಡ್ಡ ಕಾರ್ಖಾನೆಯೊಂದರಲ್ಲಿ ಒಂದು ವರ್ಷದ ತರಬೇತಿ, ಸರ್ಕಾರದ ಭತ್ಯೆ, ವರ್ಷ ಮುಗಿದ ಮೇಲೆ ಚೆನ್ನಾಗಿ ಮಾಡಿದವರನ್ನು ಅಲ್ಲಿಯೇ ಇರಿಸಿಕೊಳ್ಳುತ್ತಾರೆ ಎಂಬ ಮಾತು. ವೈಂಡಿಂಗ್ ವಿಭಾಗದಲ್ಲಿ ಕೆಲವು ಸೀಟುಗಳು. ಇಪ್ಪತ್ತೈದು ತುಂಬಿರಬಾರದು, ನಿರುದ್ಯೋಗಿಯಾಗಿರಬೇಕು. ಬೇರೆ ಯೋಜನೆಯಲ್ಲಿ ಕೆಲಸ ಸಿಕ್ಕವರಿಗೆ ಜಾಗವಿಲ್ಲ. ಆ ಕೆಲಸ ಬಿಟ್ಟಿದ್ದರೆ ಮಾತ್ರ ಆದೀತು, ಅದಕ್ಕೆ ಮಾಲೀಕರ ಪತ್ರ ತರಬೇಕು. ಡಿಸೆಂಬರ್ ಮೊದಲ ವಾರ ಕೊನೆಯ ದಿನ. ಅವನಿಗೆ ಮಾರ್ಚಿಗೆ ಇಪ್ಪತ್ತೈದು ತುಂಬುತ್ತಿತ್ತು. ಅವನ ಮಟ್ಟಿಗೆ ಇದು ಒಂದೇ ವರ್ಷ, ಒಂದೇ ಅರ್ಜಿ.

ಅರ್ಜಿ ಹಿಡಿದುಕೊಂಡು ಮಹಡಿ ಹತ್ತಿ ಬಂದ.

"ಅಕ್ಕಾರ, ನನ್ನ ಹೆಸ್ರು ಆ ಲಿಸ್ಟ್‌ನ್ಯಾಗ ಇನ್ನೂ ಅದ ಏನ್ರಿ?"

ಇತ್ತು. ನಿರ್ದೇಶಕರನ್ನು ಕೇಳಿದೆ. ಪಟ್ಟಿ ಹೋಗಿ ನಾಲ್ಕು ತಿಂಗಳಾಯಿತು, ಕಳಿಸಿದ ಪಟ್ಟಿಯನ್ನು ವಾಪಸು ಕರೆಯುವುದು ಹೇಗೆ, ಒಬ್ಬನನ್ನು ತೆಗೆದರೆ ಉಳಿದವರನ್ನೂ ಕೇಳುತ್ತಾರೆ ಎಂದರು. ಆಮೇಲೆ, ಕೆಲಸ ಬಿಟ್ಟ ಎಂದು ಅಂಗಡಿಯವರಿಂದ ಪತ್ರ ತರಿಸು, ಅದು ಸುಲಭ ಎಂದರು.

ಅದು ಸುಲಭವಾಗಿರಲಿಲ್ಲ. ನಾನೂ ಅವನೂ ಹೋಗಿ ಕೇಳಿದಾಗ ಯಜಮಾನರು ಮೋಟಾರೊಂದರ ಸುಟ್ಟ ತಂತಿ ಕಿತ್ತು ಹಾಕುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು.

"ಬಿಟ್ಟ ಅಂತ ಬರೀಬೇಕಾದ್ರೆ ಅವ್ನು ಸೇರಿರ್ಬೇಕಲ್ಲಮ್ಮ."

ಅವತ್ತು ಕೆಲಸ ಮಾಡಿದ್ದಾನೆ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ ಎಂದೆ. ಹೌದು, ಅವತ್ತು ಮಾಡಿದ, ಅದಕ್ಕೇ ಬರೆದೆ ಎಂದರು. ಕೆಲಸಕ್ಕೆ ಇರಲೇ ಇಲ್ಲ ಎಂದಾದರೂ ಬರೆದುಕೊಡಿ ಎಂದೆ. ಅದೂ ಆಗದು, ಹತ್ತು ಸುತ್ತಿಗಿಂತ ಹೆಚ್ಚೇ ಸುತ್ತಿದ್ದಾನೆ, ಇರಲಿಲ್ಲ ಎಂದು ಹೇಗೆ ಬರೆಯಲಿ ಎಂದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿ ದಾರಿ ಹುಡುಕುತ್ತಿದ್ದರು. ಕೈ ಒರೆಸಿಕೊಂಡು, ಒಳಗಿನಿಂದ ಟೀ ತರಿಸಿ, ಟೀ ಮುಗಿಯುವ ಹೊತ್ತಿಗೆ ದಾರಿ ಸಿಕ್ಕಿತು.

"ನವೆಂಬರ್ ಒಂದನೇ ತಾರೀಖಿಂದ ನಿಜವಾಗ್ಲೂ ಬರ್ಲಿ. ಒಂದ್ ತಿಂಗ್ಳು ಮಾಡ್ಲಿ. ಆಮೇಲೆ ಬಿಟ್ಟ ಅಂತ ಬರ್ದು ಸೈನ್ ಹಾಕ್ತೀನಿ. ದೇವ್ರ ಮುಂದೆ ಬೇಕಾದ್ರೂ ಹಾಕ್ತೀನಿ."

ಅವನು ನನ್ನ ಮುಖ ನೋಡಿದ. ದಿನಗಳಿದ್ದವು. ಆಗಲಿ ಎಂದೆ.

ನವೆಂಬರ್ ಪೂರ್ತಿ ಅವನು ಆ ಅಂಗಡಿಯಲ್ಲಿ ಕೆಲಸ ಮಾಡಿದ. ಒಂದು ಸಲ ಹೋಗಿದ್ದಾಗ ನೋಡಿದೆ: ಅದೇ ಸ್ಟೂಲು, ಅದೇ ಏಪ್ರನ್. ಫೋಟೋ ನೋಡಿದ ಹಾಗೆಯೇ ಇತ್ತು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಈಗ ಬರೆಯುವಾಗ ಅನ್ನಿಸುತ್ತಿದೆ, ಅದನ್ನು ಆಗಿನ ಲೆಕ್ಕಕ್ಕೆ ಸೇರಿಸುವುದು ಬೇಡ. ಯಜಮಾನರು ಬೇರೆ ಕೆಲಸಕ್ಕೆ ಎದ್ದು ಹೋದಾಗ ಅವನೇ ಎಣಿಸಿಕೊಳ್ಳುತ್ತಿದ್ದ, ಅವರ ಹಾಗೆಯೇ ಲಾಭದಿಂದ. ಗುಲ್ಬರ್ಗಾನ ನಮ್ಮೂರೋನು ಮಾಡ್ಬಿಟ್ಟೆ ನೋಡಮ್ಮ ಎಂದು ಯಜಮಾನರು ನನಗೆ ಹೇಳಿದರು.

ಮೂವತ್ತನೇ ತಾರೀಖು ಪತ್ರ ಟೈಪ್ ಮಾಡಿ ಒಯ್ದೆ. 'ನವೆಂಬರ್ ಒಂದರಿಂದ ಮೂವತ್ತರವರೆಗೆ ನನ್ನ ಅಂಗಡಿಯಲ್ಲಿ ಕೆಲಸ ಮಾಡಿ ಬಿಟ್ಟಿರುತ್ತಾರೆ.' ನನ್ನ ಪಟ್ಟಿಯಲ್ಲಿ ಅದೇ ಹೆಸರಿನ ಮುಂದೆ ಜೂನ್ ಇತ್ತು. ಜೂನ್ ಟೈಪ್ ಮಾಡಿದ್ದೂ ನಾನೇ, ನವೆಂಬರ್ ಟೈಪ್ ಮಾಡಿದ್ದೂ ನಾನೇ. ಜೂನ್‌ನಲ್ಲೂ ಒಂದು ದಿನ ಮಾಡಿದ್ದಾನೆ, ಈಗಲೂ ಮಾಡಿದ್ದಾನೆ, ಜೂನ್‌ನಿಂದ ನವೆಂಬರ್‌ವರೆಗೆ ಎಂದು ಬರೆಯೋಣವೇ ಎಂದು ಯಜಮಾನರನ್ನು ಕೇಳಿದೆನೆಂದೂ, ಅವರು ಯೋಚಿಸಿ "ಮಧ್ಯ ನಾಕ್ ತಿಂಗ್ಳು ಬರ್ಲಿಲ್ವಲ್ಲಮ್ಮ" ಎಂದರೆಂದೂ ನನಗೆ ನೆನಪಿದೆ. ಕೇಳಬೇಕಿತ್ತು ಎಂದು ಆಮೇಲೆ ಹೊಳೆದದ್ದೇ, ಕೇಳಿದೆ ಎಂಬ ನೆನಪಾಗಿ ಕೂತಿರಲೂಬಹುದು. ಅವರ ಮಾತು ಅವರದೇ ದನಿಯಲ್ಲಿ ಕೇಳುತ್ತದೆ. ಆದರೆ ಅವರ ದನಿಯಲ್ಲಿ ಏನನ್ನು ಬೇಕಾದರೂ ಹೇಳಿಸುವಷ್ಟು ನಾನು ಅವರ ಮಾತು ಕೇಳಿಸಿಕೊಂಡಿದ್ದೆ.

ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಯಾರೂ ಓದುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದನ್ನು ನಾನು ನಂಬಿದ್ದೆ.

ಅರ್ಜಿ ಕೊಡಬೇಕಾದ ಕಚೇರಿ ಕೆ.ಆರ್.ಪುರದ ಕಡೆ ಇತ್ತು. ಕೊನೆಯ ದಿನವೇ ಹೋದೆವು. ಅದಕ್ಕೆ ಮೊದಲು ಯಾಕೆ ಹೋಗಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಎರಡು ಮೂರು ಕಾರಣಗಳಿವೆ. ಅವನಿಗೆ ಜಾತಿ ಪ್ರಮಾಣಪತ್ರದ ನಕಲು ಸಿಕ್ಕಿರಲಿಲ್ಲ ಎಂಬುದು ಒಂದು. ನನಗೆ ಪುರುಸೊತ್ತಿರಲಿಲ್ಲ ಎಂಬುದು ಇನ್ನೊಂದು. ಬಸ್ಸಿನಲ್ಲಿ ಅವನು ಇಸ್ತ್ರಿ ಮಾಡಿದ ಶರಟು ಮುದುರದ ಹಾಗೆ ಕಂಬಿ ಹಿಡಿದು ನಿಂತೇ ಬಂದ. ಆಗ ಅಲ್ಲಿ ರೈಲ್ವೆ ಹಳಿಯ ಮೇಲೆ ಹೊಸ ಸೇತುವೆ ಕಟ್ಟುತ್ತಿದ್ದರು. ಅಲ್ಲಿ ಬಸ್ಸು ಎಷ್ಟೋ ಹೊತ್ತು ನಿಂತಿತು. ಕಾರ್ಖಾನೆಯಲ್ಲಿ ಮೋಟಾರು ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅಕ್ಕ ಬೆಳಿಗ್ಗೆ ಬೆಲ್ಲ ಹಾಕಿ ಸಜ್ಜಕ ಮಾಡಿ ತಿನ್ನಿಸಿ ಕಳಿಸಿದಳು ಎಂದ. ಇನ್ನೂ ಏನೋ ಹೇಳಿದ.

ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದವರು ನಲವತ್ತು ದಾಟಿದ ಒಬ್ಬ ಹೆಂಗಸು. ಮೇಜಿನ ಮೇಲೆ ಊಟದ ಡಬ್ಬಿ, ಮರದ ಸ್ಕೇಲು. ಅರ್ಜಿ ನೋಡಿದರು, ಪತ್ರ ನೋಡಿದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ ನಮ್ಮ ಕೇಂದ್ರ ಕಳಿಸಿದ್ದ ಪಟ್ಟಿ ತೆಗೆದುಕೊಂಡು ಬಂದು, ಪತ್ರದ ಪಕ್ಕ ಇಟ್ಟರು. ಸ್ಕೇಲನ್ನು ಅವನ ಹೆಸರಿನ ಕೆಳಗೆ ಇಟ್ಟು ಓದಿದರು. ನನ್ನ ಕೆಲಸದ ಅಷ್ಟೂ ಕಾಲದಲ್ಲಿ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಅವರೊಬ್ಬರೇ.

"ಈ ಲಿಸ್ಟ್ ಟೈಪ್ ಮಾಡಿದ್ದು ಯಾರು?"

"ನಾನೇ ಮೇಡಂ."

"ಲೆಟರು?"

"ಅದೂ ನಾನೇ."

ಅವರು ಬೈಯಲಿಲ್ಲ. ಸ್ಕೇಲನ್ನು ಪಟ್ಟಿಯ ಉದ್ದಕ್ಕೂ ಕೆಳಕ್ಕೆ ಇಳಿಸುತ್ತಾ, ಅದೇ ಅಂಗಡಿಯ ವಿಳಾಸವಿದ್ದ ಸಾಲುಗಳನ್ನು ಬಾಯಲ್ಲೇ ಎಣಿಸಿಕೊಂಡರು. ಹನ್ನೊಂದು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಜೂನ್‌ನಿಂದ ಕೆಲ್ಸದಲ್ಲಿದಾನೆ ಅಂತ ಲಿಸ್ಟ್ ಹೇಳುತ್ತೆ. ನವೆಂಬರ್‌ನಲ್ಲಿ ಸೇರ್ದ ಅಂತ ಲೆಟರ್ ಹೇಳುತ್ತೆ. ಎರಡರಲ್ಲಿ ಒಂದು ತಪ್ಪು. ಯಾವ್ದು ಅಂತ ನೀವೇ ಹೇಳಿ. ಲೆಟರ್ ಸರಿ ಅಂದ್ರೆ ಇವ್ನ ಅರ್ಜಿ ತಗೋತೀನಿ, ಲಿಸ್ಟ್‌ನ ಮೇಲಕ್ಕೆ ಕಳಿಸ್ತೀನಿ, ಉಳಿದ ಹತ್ತು ಜನಾನೂ ನೋಡ್ತಾರೆ. ಲಿಸ್ಟ್ ಸರಿ ಅಂದ್ರೆ ಈ ಅಂಗಡಿ ಲೆಟರ್ ನಾನು ಮುಟ್ಟಲ್ಲ. ಇವತ್ತೇ ಕೊನೆ."

ಪಟ್ಟಿ ಮೇಲಕ್ಕೆ ಹೋದರೆ ಕೇಂದ್ರ ಉಳಿಯುತ್ತಿರಲಿಲ್ಲ. ಕೇಂದ್ರ ಉಳಿಯದಿದ್ದರೆ ನನ್ನ ಕುರ್ಚಿ ಉಳಿಯುತ್ತಿರಲಿಲ್ಲ. ಇದು ಗೊತ್ತಾಗಲು ನನಗೆ ಯೋಚನೆ ಬೇಕಾಗಲಿಲ್ಲ. ಅವನಿಗೂ ಗೊತ್ತಿತ್ತೋ ಏನೋ.

ಇಲ್ಲಿ ನನ್ನ ಹತ್ತಿರ ಎರಡು ನೆನಪುಗಳಿವೆ.

ಒಂದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದು, ಅವನ ಮಾತಿನಲ್ಲಿಯೇ, "ಲಿಸ್ಟ್ ಬರೋಬ್ಬರಿ ಅದರಿ" ಎನ್ನುತ್ತಾನೆ. ಬರೋಬ್ಬರಿ ಎಂದರೆ ಅವರ ಕಡೆ ಸರಿಯಾಗಿದೆ ಎಂದು. ನನ್ನ ಕೆಲಸ ಉಳಿಸಲು ತನ್ನ ಅರ್ಜಿಯನ್ನು ತಾನೇ ಕೈಬಿಡುತ್ತಾನೆ. ಅನೇಕ ವರ್ಷ ನಾನು ಇದನ್ನೇ ಹೇಳಿಕೊಂಡು ಬಂದೆ. ಆ ಮಾತು ನನ್ನದಾಗಲು ಸಾಧ್ಯವಿಲ್ಲ, ನಾನು ಬರೋಬ್ಬರಿ ಎನ್ನುವವಳಲ್ಲ, ಆದ್ದರಿಂದ ಅವನೇ ಅಂದಿರಬೇಕು ಎಂಬುದು ನನ್ನ ಪುರಾವೆ.

ಇನ್ನೊಂದರಲ್ಲಿ ಯಾರೂ ಮುಂದೆ ಬರುವುದಿಲ್ಲ. ಫ್ಯಾನು ತಿರುಗುತ್ತಿದೆ. ಅವನು ನನ್ನನ್ನು ನೋಡುತ್ತಾ ನಿಂತಿದ್ದಾನೆ. "ಲಿಸ್ಟ್ ಸರಿ ಇದೆ ಮೇಡಂ" ಎಂದು ಒಂದು ದನಿ ಹೇಳುತ್ತದೆ.

ಎರಡರಲ್ಲೂ ಮುಂದಿನದು ಒಂದೇ. ಆ ಹೆಂಗಸು ಪತ್ರವನ್ನು ಮಡಿಸಿ ಅವನ ಕೈಗೆ ಕೊಟ್ಟರು. ಅರ್ಜಿಯ ಮೇಲೆ 'ಈಗಾಗಲೇ ಫಲಾನುಭವಿ' ಎಂದು ಬರೆದರು. ಅಕ್ಷರ ದುಂಡಗೆ, ಚೆನ್ನಾಗಿತ್ತು.

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತೆವು. ಅವನ ಬಸ್ಸು ಬೇರೆ, ನನ್ನದು ಬೇರೆ. ಅವನದು ಮೊದಲು ಬಂತು. ಬರ್ತೀನ್ರಿ ಅಕ್ಕಾರ ಎಂದ. ಈ ಸಲ ಸೀಟಿದ್ದು ಕೂತ. ಶರಟಿನ ಯೋಚನೆ ಇರಲಿಲ್ಲ.

ಕೇಂದ್ರದಲ್ಲಿ ನಿರ್ದೇಶಕರು ಏನಾಯಿತು ಎಂದು ಕೇಳಿದರು. ಆಗಲಿಲ್ಲ ಸರ್ ಎಂದೆ. ಅಯ್ಯೋ ಎಂದರು. ಬೇರೆ ಏನಾದರೂ ನೋಡೋಣ ಎಂದರು. ನಾನು ಹೋಗಿ ಕೂತು, ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಹೊಲಿಗೆ ತಂಡದ ಪಟ್ಟಿ ಮುಗಿಸಿದೆ. ಎಷ್ಟು ಸಾಲು ಉಳಿದಿತ್ತು ಎಂದು ಈಗಲೂ ಹೇಳಬಲ್ಲೆ: ಆರು. ಇಂಥದು ಮಾತ್ರ ಯಾಕೆ ಇಷ್ಟು ಖಚಿತವಾಗಿ ಉಳಿಯುತ್ತದೋ.

ಮುಂದಿನ ವಾರವೋ ಅದರ ಮುಂದಿನ ವಾರವೋ ಅವನು ಅಂಗಡಿಗೆ ಮತ್ತೆ ಸೇರಿಕೊಂಡ. ಯಜಮಾನರೇ ಕರೆದರಂತೆ. ಬಿಟ್ಟ ಎಂದು ಬರೆದ ಪತ್ರ ಹೇಗೂ ಯಾರಿಗೂ ಬೇಕಾಗಲಿಲ್ಲವಲ್ಲ ಎಂದರಂತೆ. ಇದನ್ನು ನನಗೆ ಹೇಳಿದವರು ನಿರ್ದೇಶಕರು, ಒಳ್ಳೆಯ ಸುದ್ದಿ ಹೇಳುವ ಮುಖದಲ್ಲಿ. "ನಾನು ಹೇಳಿರ್ಲಿಲ್ವೇನಮ್ಮ, ಸಿಗುತ್ತೆ ಅಂತ." ಮಾರ್ಚ್ ಬಂತು, ಹೋಯಿತು. ಅವನಿಗೆ ಇಪ್ಪತ್ತೈದು ತುಂಬಿದ ದಿನ ಯಾವುದು ಎಂದು ಅರ್ಜಿಯಲ್ಲಿ ಓದಿದ್ದೆ. ಆ ದಿನ ಬಂದಾಗ ನೆನಪಾಗಲಿಲ್ಲ. ಏಪ್ರಿಲ್‌ನಲ್ಲಿ ನೆನಪಾಯಿತು.

ಮಳೆಗಾಲದ ಶುರುವಿನಲ್ಲಿ ತಪಾಸಣೆ ಬಂತು. ಕೆ.ಆರ್.ಪುರದ ಆ ಹೆಂಗಸು ಕಳಿಸಿದ್ದಲ್ಲ. ಎಲ್ಲ ಕೇಂದ್ರಗಳಿಗೂ ಇದ್ದ ವಾರ್ಷಿಕ ತಪಾಸಣೆ. ಒಬ್ಬ ಅಧಿಕಾರಿ ಬಂದು, ಹಳೆಯ ಪಟ್ಟಿಯಲ್ಲಿ ಅಲ್ಲಲ್ಲಿ ಬೆರಳಿಟ್ಟು, ಇವರನ್ನು ತೋರಿಸಿ ಎಂದರು. ಒಂದು ಬೆರಳು ಕಗ್ಗದಾಸಪುರದ ಮೇಲೆ ಬಿತ್ತು. ನಿರ್ದೇಶಕರು ನನ್ನನ್ನೇ ಜೊತೆಗೆ ಕಳಿಸಿದರು. ಗೇಟು ಹಾಕಿತ್ತು. ಒಂದು ಗೂಡ್ಸ್ ರೈಲು ಹೋಗುವ ತನಕ ಜೀಪಿನಲ್ಲಿ ಕೂತಿದ್ದೆವು. ಅಧಿಕಾರಿ ಫೋಟೋಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದರು. ಸ್ಟೂಲಿನ ಬಗ್ಗೆ ಏನೂ ಅನ್ನಲಿಲ್ಲ.

ಅಂಗಡಿಯಲ್ಲಿ ಅವನು ಕೂತಿದ್ದ. ತೊಡೆಯ ಮೇಲೆ ಮೋಟಾರಿನ ಗೂಡು, ಕೈಯ ಹತ್ತಿರ ತಂತಿ ಸುತ್ತುವ ಮಣೆ. ಅದೇ ಏಪ್ರನ್, ಕಲೆ ಇನ್ನಷ್ಟು ಆಗಿತ್ತು. ಅಧಿಕಾರಿ ಫೋಟೋವನ್ನು ಅವನ ಮುಖದ ಪಕ್ಕ ಹಿಡಿದು ನೋಡಿದರು. ಸಂತೋಷಪಟ್ಟರು. ಬೆಳಿಗ್ಗೆಯಿಂದ ಹೋದ ಜಾಗಗಳಲ್ಲಿ ಬಹುಶಃ ಯಾರೂ ಸಿಕ್ಕಿರಲಿಲ್ಲ.

ಉಳಿದ ಹತ್ತು ಜನ ಎಲ್ಲಿ ಎಂದು ಯಜಮಾನರನ್ನು ಕೇಳಿದರು. ನನ್ನ ಉಸಿರು ನಿಂತಿತು ಎಂದು ಬರೆಯಬಹುದು, ನಿಲ್ಲಲಿಲ್ಲ. ಯಜಮಾನರು ಬೀಡಿ ಆರಿಸಿ ಕೆಳಗಿಟ್ಟರು.

"ಬಂದಿದ್ರು ಸ್ವಾಮಿ, ಎಲ್ರೂ. ಮಾಡಿದ್ರು. ಹೋದ್ರು."

ಈಗಿನ ಹುಡುಗರು ನಿಲ್ಲುವುದಿಲ್ಲ ಎಂದು ಅಧಿಕಾರಿ ಒಪ್ಪಿಕೊಂಡರು. ಆಮೇಲೆ ಅವನ ಕಡೆ ತಿರುಗಿದರು.

"ನೀನು ಯಾವಾಗಿಂದ ಇದೀಯಪ್ಪ ಇಲ್ಲಿ?"

ಯಜಮಾನರು ತಲೆ ಎತ್ತಿ ಅವನನ್ನು ನೋಡಿದರು. ಅವರ ಅಂಗಡಿಯಲ್ಲಿ, ಅವರ ಎದುರು. ಅವನು ತಂತಿಯಿಂದ ಕಣ್ಣು ತೆಗೆಯಲಿಲ್ಲ.

"ಫೋಟೋ ತಗದಾಗಿಂದ್ರಿ."

"ಜೂನ್‌ನಿಂದ ಅಂತ ಇದೆ ಇದ್ರಲ್ಲಿ."

"ಹೌದ್ರಿ. ಲಿಸ್ಟ್ ಬರೋಬ್ಬರಿ ಅದರಿ."

ಹಾಗೆಂದು ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಹೇಳಿಕೊಟ್ಟ ಪಾಠವನ್ನು ಸರಿಯಾಗಿ ಒಪ್ಪಿಸಿದೆನೇ ಎಂದು ಕೇಳುವ ಹಾಗಿತ್ತು. ಬರೋಬ್ಬರಿ ಎಂದು ಅವನು ಹೇಳಿದ್ದು ಆಗ, ಅಲ್ಲಿ. ಕೆ.ಆರ್.ಪುರದ ಕಚೇರಿಗೆ ಆ ಮಾತನ್ನು ಹೊತ್ತುಕೊಂಡು ಹೋಗಿ ಅವನ ಬಾಯಲ್ಲಿ ಇಟ್ಟದ್ದು ನಾನು, ಆಮೇಲೆ, ನಿಧಾನವಾಗಿ. ಅಲ್ಲಿ ಫ್ಯಾನಿನ ಕೆಳಗೆ ಹೇಳಿದ ದನಿ ನನ್ನದು. ಇದನ್ನು ಆ ದಿನವೇ ತಿಳಿದುಕೊಂಡೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಹೋದ ವರ್ಷ ಈ ಫೋಟೋ ಒಂದು ಹಳೆಯ ಕವರಿನಲ್ಲಿ ಸಿಕ್ಕಿ, ಅದರ ಹಿಂಬದಿಯಲ್ಲಿ ನನ್ನದೇ ಅಕ್ಷರದ 'ಉದ್ಯೋಗದಲ್ಲಿದ್ದಾರೆ' ಓದಿದ ಮೇಲೆ ತಿಳಿದದ್ದು.

ಯಜಮಾನರು ಬೀಡಿಯನ್ನು ಮತ್ತೆ ಹಚ್ಚಿಕೊಂಡು ಹೊರಗೆ ಜಗಲಿಗೆ ಹೋದರು.

ಅಧಿಕಾರಿ ಟಿಕ್ ಹಾಕಲು ಜೇಬು ತಡವಿದರು. ಪೆನ್ನು ಜೀಪಿನಲ್ಲಿ ಬಿಟ್ಟು ಬಂದಿದ್ದರು. ನನ್ನದನ್ನು ಕೊಟ್ಟೆ.

ನಮ್ಮ ಮಾತಿನಲ್ಲಿ ಅವನ ಎಣಿಕೆ ತಪ್ಪಿತ್ತು. ಅವನು ಸುತ್ತಿದ್ದಷ್ಟನ್ನೂ ಬಿಚ್ಚಿ, ತಂತಿ ನೆಟ್ಟಗೆ ಮಾಡಿ, ಮೊದಲಿನಿಂದ ಶುರು ಮಾಡಿದ. ಲಾಭ, ಎರಡು, ಮೂರು. ಜೀಪು ಹತ್ತುವ ತನಕ ಕೇಳುತ್ತಿತ್ತು.